ಮಲಗಿದ ಕಲ್ಲಿನ ದನಿ

ಶಹಾಬಾದಿನವರಿಗೆ ಕಲ್ಲಿನ ಮೇಲಿರುವ ನಂಬಿಕೆ ಕಟ್ಟಿಕೊಂಡ ಹೆಂಡತಿಯ ಮೇಲೂ ಇರುವುದಿಲ್ಲ. ಅಂಗಳಕ್ಕೆ ಪರಸಿಕಲ್ಲು, ಅಡುಗೆಕಟ್ಟೆಗೆ ಪರಸಿ, ಬಚ್ಚಲಿಗೆ ಪರಸಿ, ಹೊಲದ ಬೇಲಿಗೆ ಪರಸಿ, ಸತ್ತ ಮೇಲೆ ಗೋರಿಗೂ ಅದೇ ಪರಸಿ. ನೆಲದಲ್ಲಿ ಎಲ್ಲಾದರೂ ತಗ್ಗು ಕಂಡಿತೋ, ಇವರ ಕೈ ಸುಮ್ಮನಿರದು. ಒಂದು ಹಾಸುಗಲ್ಲು ಎಳೆದು ತಂದು ಮುಚ್ಚಿ, ಅದರ ಮೇಲೆ ಹತ್ತಿ ಎರಡು ಸಲ ಕುಣಿದು, ‘ಮುಗೀತು ತಗೋ’ ಅನ್ನುತ್ತಾರೆ. ಬಿಳಿಹಳ್ಳವನ್ನೂ ಹೀಗೇ ಮುಗಿಸಿದರು.

ಬಿಳಿಹಳ್ಳ ಅಂದರೆ ದೊಡ್ಡ ಹಳ್ಳವೇನಲ್ಲ. ಊರ ಹೊರಗಿನ ಹಳೆಯ ಖಣಿಗಳ ಬುಡದಲ್ಲಿ ಒಸರುವ ನೀರು ಒಂದುಗೂಡಿ, ಪಾಲಿಶ್ ಕಾರ್ಖಾನೆಗಳ ಹಿಂದೆ ಹರಿದು, ಅಲ್ಲಿ ಕಲ್ಲು ಉಜ್ಜಿದ ನೀರನ್ನು ಕುಡಿದು ಬೆಳ್ಳಗಾಗಿ, ಹುಣಸೆಮರದ ಕೆಳಗೆ ಹಾದು, ಮಡಿವಾಳಯ್ಯನವರ ಮನೆತನದ ಹೊಲವನ್ನು ಸೀಳಿ, ರೈಲು ಹಳಿಯ ಕೆಳಗಿನ ಮೋರಿಗೆ ನುಗ್ಗಿ, ಮುಂದೆ ಕಾಗಿಣಾ ಸೇರುತ್ತಿತ್ತು. ಒಟ್ಟು ಎರಡು ಮೈಲಿಯ ಬದುಕು. ಬೇಸಿಗೆಯಲ್ಲಿ ಆಡು ಗೊರಸು ತೋಯದಂತೆ ದಾಟುತ್ತಿತ್ತು, ಶ್ರಾವಣದಲ್ಲಿ ಎಮ್ಮೆಯೂ ಹಿಂದೆಮುಂದೆ ನೋಡುತ್ತಿತ್ತು. ಎಂಟು ವರ್ಷದ ಹಿಂದೆ ಆ ಹೊಲ ಪ್ಲಾಟಾಯಿತು. ಪ್ಲಾಟು ಮಾಡಿದವರು ಹುಣಸೆಮರದ ಹತ್ತಿರ ಒಡ್ಡು ಹಾಕಿ ನೀರನ್ನು ಒಂದು ಪಾಳುಖಣಿಗೆ ತಿರುಗಿಸಿದರು. ಒಣಗಿದ ಹಳ್ಳದೊಳಗೆ ಪಾಲಿಶ್ ಕಾರ್ಖಾನೆಯ ಬಿಳಿ ಕೆಸರನ್ನು ಲಾರಿಗಟ್ಟಲೆ ಸುರಿದು, ಬಿಸಿಲಿಗೆ ಒಣಗಿಸಿ, ಮಟ್ಟ ಮಾಡಿ, ಸುಣ್ಣದ ಗೆರೆ ಎಳೆದು ಮಾರಿದರು. ಕೊಂಡವರು ಕಲ್ಲಿನ ಕೆಲಸದವರು, ರೈಲ್ವೆಯವರು, ಮಾಸ್ತರರು. ಮೂವತ್ತಾರು ಮನೆ ಎದ್ದವು. ಅಲ್ಲಿ ಹಳ್ಳವಿತ್ತು ಎಂಬುದು ಆ ಮನೆಗಳವರಿಗೆಲ್ಲ ಗೊತ್ತಿತ್ತು. ಅಲ್ಲಿ ಮನೆಗಳಾಗಿವೆ ಎಂದು ಹಳ್ಳಕ್ಕೆ ಮಾತ್ರ ಯಾರೂ ಹೇಳಿರಲಿಲ್ಲ.

ಆ ಮನೆಗಳಲ್ಲಿ ಒಂದು ಮಾಣಿಕಮ್ಮನ ಮಗ ಪ್ರಬುದ್ಧನದು. ಅವನು ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರ. ಮಾಣಿಕಮ್ಮ ಮಾತ್ರ ಕಾರ್ಖಾನೆಗಳ ಪಕ್ಕದ ತನ್ನ ಹಳೆಯ ಮನೆಯಲ್ಲೇ ಉಳಿದಿದ್ದಳು. ಮಗ ಬೇರೆ ಮನೆ ಮಾಡಿದಾಗ ಅತ್ತಿದ್ದಳು, ಜಗಳವಾಡಿದ್ದಳು, ಎಂಟು ದಿನ ಮಾತು ಬಿಟ್ಟಿದ್ದಳು. ಆಮೇಲೆ ದಿನಕ್ಕೆರಡು ಸಲ ಅಲ್ಲಿಗೇ ಹೋಗಿಬರತೊಡಗಿದಳು, ಅದು ಬೇರೆ ಮಾತು.

ಮೂವತ್ತೊಂದು ವರ್ಷ ಆಕೆ ಒಂದೇ ಕೆಲಸ ಮಾಡಿದವಳು. ಗೋಡೆಗೆ ಒರಗಿಸಿ ನಿಲ್ಲಿಸಿದ ಪರಸಿಗಳ ಮುಂದೆ ನಡೆಯುತ್ತ, ಬೋರೆಕಟ್ಟಿಗೆಯ ಹಿಡಿಯ ಸಣ್ಣ ಸುತ್ತಿಗೆಯಿಂದ ಒಂದೊಂದಕ್ಕೂ ಬಡಿಯುವುದು. ಕಲ್ಲು ‘ಟಣ್’ ಅಂದರೆ ಒಳಗೆ ಬಿರುಕಿಲ್ಲ, ಪಾಸು. ‘ಬದ್’ ಅಂದರೆ ಪದರದೊಳಗೆ ಪದರ ಬಿಟ್ಟಿದೆ, ಫೇಲು. ಪಾಸಾದದ್ದಕ್ಕೆ ಸೀಮೆಸುಣ್ಣದ ಗುರುತು. ಮಾಣಿಕಮ್ಮನ ಗುರುತಿಲ್ಲದ ಕಲ್ಲನ್ನು ಲಾರಿಯವರು ಮುಟ್ಟುತ್ತಿರಲಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಯ ತನಕ ಯಾವ ಮನೆಗೆ ಹೋದರೂ ‘ಇದು ನಾ ಪಾಸ್ ಮಾಡಿದ ಕಲ್ಲು’ ಎಂದು ಹೇಳುವ ಸೊಕ್ಕು ಆಕೆಗಿತ್ತು. ಇರಲಿ, ದುಡಿದವರಿಗೆ ಅಷ್ಟು ಸೊಕ್ಕೂ ಬೇಡವೇ?

ಮಗನ ಮನೆಯ ಪ್ರವೇಶದ ದಿನ ಎಲ್ಲರೆದುರು ನಡುಮನೆಯ ನೆಲಕ್ಕೆ ಬಡಿದು ನೋಡಿದ್ದಳು. ‘ಬದ್’ ಅಂದಿತ್ತು. ತಾನೇ ಆರಿಸಿ ಕೊಟ್ಟ ಕಲ್ಲು! ಮಾಣಿಕಮ್ಮನ ಮುಖ ಸಣ್ಣದಾಗಿ, ನೆಲ ಹಾಸಿದ ಗೌಂಡಿ ಅಮೀರ್ ಅಲಿಯನ್ನು ಹಿಗ್ಗಾಮುಗ್ಗಾ ಬೈದಿದ್ದಳು. ಅವನು ‘ಇರ್ಲಿ ಬಿಡಕ್ಕ’ ಎಂದು ನಕ್ಕು ಊಟಕ್ಕೆ ಕೂತಿದ್ದ. ಅದಾಗಿ ಎರಡು ವರ್ಷ. ಈ ಸಲದ ಮಳೆಗಾಲದ ನಡುವೆ ಒಂದು ದಿನ ಕೈಯಿಂದ ಒರಳಿನ ಗುಂಡುಕಲ್ಲು ಜಾರಿ ಬಿದ್ದಾಗ ಅದೇ ನೆಲ ಗಂಟೆಯ ಹಾಗೆ ‘ಟಣ್’ ಅಂದಿತು. ಮಾಣಿಕಮ್ಮ ಸುತ್ತಿಗೆ ತಂದು ಬಡಿದಳು. ಇಡೀ ನಡುಮನೆ ಟಣ್ ಟಣ್ ಅನ್ನುತ್ತಿತ್ತು. ‘ಕಲ್ಲು ಪಳಗ್ಯಾದ’ ಎಂದು ಓಣಿಗೆಲ್ಲ ಸಾರಿದಳು. ಲೇಔಟಿನ ಸಾಲುಮನೆಗಳ ಹೆಂಗಸರು ಕರೆದು ತಮ್ಮ ಮನೆಯ ನೆಲಕ್ಕೂ ಬಡಿಸಿಕೊಂಡರು. ಎಲ್ಲಿ ದನಿ ಬಂತೋ ಅಲ್ಲಿ ಮಾಣಿಕಮ್ಮ ಪಾಸಿನ ಗುರುತು ಹಾಕಿ, ಚಹಾ ಕುಡಿದು, ‘ಪುಣ್ಯಾ ಮಾಡೀರಿ, ನೂರು ವರ್ಷಕ್ಕ ಚಿಂತಿಲ್ಲ’ ಎಂದು ಹೇಳಿ ಬಂದಳು.

ಆ ಮಾತು ಆಕೆಯ ಕೊರಳಿಗೆ ಸುತ್ತಿಕೊಂಡದ್ದು ಮೊಮ್ಮಗಳ ತೊಟ್ಟಿಲ ಕಾರ್ಯದ ಹಿಂದಿನ ದಿನ. ಕೂಸಿಗೆ ಒಂದೂಕಾಲು ತಿಂಗಳು ತುಂಬಿತ್ತು. ಅದಕ್ಕೆಂದು ತಾನೇ ಹೊಲಿದ ಕುಂಚಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಳಿಯ ಪಕ್ಕದ ಕಾಲುದಾರಿಯಲ್ಲಿ ಬರುತ್ತಿದ್ದಾಗ, ಮೋರಿಯ ಬಾಯಲ್ಲಿ ಅಮೀರ್ ಅಲಿ ಕುಕ್ಕರುಗಾಲಲ್ಲಿ ಕೂತು ನೀರು ನೋಡುತ್ತಿದ್ದ. ಮೋರಿಯಿಂದ ಬರುತ್ತಿದ್ದ ನೀರು ಸುಣ್ಣದಂತೆ ಬೆಳ್ಳಗಿತ್ತು.

“ಏನಪಾ, ಮೀನಾ ಹಿಡ್ಯಾಕತ್ತೀಯೇನು?” ಮಾಣಿಕಮ್ಮ ಕೇಳಿದಳು.

“ಅಕ್ಕಾ, ಲಾರಿ ಹರತಾಳ ಸುರು ಆಗಿ ಎಷ್ಟ ದಿನ ಆತು?”

“ಹನ್ನೊಂದು.”

“ಕಾರ್ಖಾನಾ ಬಂದ್, ಪಾಲಿಶ್ ಮಶೀನ್ ಬಂದ್. ಮತ್ತ ಈ ಬಿಳೇ ನೀರು ಎಲ್ಲಿಂದ ಬರಾಕತ್ತದ?”

ಮಾಣಿಕಮ್ಮ ಬಗ್ಗಿ ನೀರು ನೋಡಿದಳು. ಅಮೀರ್ ಅಲಿ ಎದ್ದು ನಿಂತ.

“ಮುಂಜಾನಿ ಹುಣಸಿಗಿಡದ ತನಕ ಹೋಗಿ ಬಂದೀನಿ. ಪಾಳುಖಣಿ ತುಂಬಿ ತುಳುಕಾಕತ್ತದ. ಒಡ್ಡಿನ ಬುಡದಾಗ ಒಂದ ಸಂದು ಬಿದ್ದದ, ಅಲ್ಲಿಂದ ನೀರು ನೆಲದಾಗ ಇಳೀತದ. ಇಳಿಯೂ ಮುಂದ ಕನ್ನಡಿಯಂಗ ತಿಳಿ. ಇಲ್ಲಿ ಹೊರಗ ಬರೂ ಮುಂದ ಹಾಲು. ನಡುವ ಏನದ? ಲೇಔಟ್ ಅದ. ಮನಿಗಳ ತಳಗಿನ ಆ ಬಿಳೇ ಕೆಸರನ್ನ ನೀರು ತೊಳಕೊಂಡು ಹೊಂಟದ ಅಕ್ಕಾ.”

ಮಾಣಿಕಮ್ಮ ಕೈ ಬೀಸಿ ತಳ್ಳಿಹಾಕಿದಳು. “ನಮ್ಮ ಪ್ರಬುದ್ಧನ ಮನಿಗಿ ಏನೂ ಆಗಂಗಿಲ್ಲ. ನೆಲಾ ಈಗ ಹ್ಯಾಂಗ ಅಂತದ ಗೊತ್ತೇನು? ಟಣ್ ಅಂತದ. ನೀ ಹಾಸಿದಾಗ ಬದ್ ಅಂತಿತ್ತು, ನೆನಪದನು?”

ಅಮೀರ್ ಅಲಿಯ ಮುಖ ಇಳಿಯಿತು. ಮೆಲ್ಲಗೆ ಹೇಳಿದ.

“ಅಕ್ಕಾ, ನೀ ಕಾರ್ಖಾನಾದಾಕಿ. ನೀ ನಿಂತ ಕಲ್ಲಿಗೆ ಬಡಿದಾಕಿ. ನಾವು ಗೌಂಡ್ಯಾರು, ಮಲಗಿದ ಕಲ್ಲಿಗೆ ಬಡೀತೀವಿ. ನಮ್ಮ ಉಸ್ತಾದ ಹೇಳ್ತಿದ್ದ, ನಿಂತ ಕಲ್ಲು ಹಾಡಬೇಕು, ಮಲಗಿದ ಕಲ್ಲು ಮೂಕ ಇರಬೇಕು. ತಳಗ ಗಟ್ಟಿ ಇದ್ರ ಬದ್ ಅಂತದ. ತಳಗ ಖಾಲಿ ಇದ್ರಷ್ಟೇ ಟಣ್ ಅಂತದ.”

ಮಾಣಿಕಮ್ಮ ಮೋರಿಯ ಕಟ್ಟೆ ಹಿಡಿದು ಕೂತಳು. ನೂರು ವರ್ಷಕ್ಕೆ ಚಿಂತೆಯಿಲ್ಲ ಎಂದು ಎಷ್ಟು ಮನೆಯಲ್ಲಿ ಹೇಳಿದ್ದೆ ಎಂದು ಬೆರಳು ಮಡಿಚುತ್ತ ಹೋದಳು. ಹನ್ನೊಂದು. ಅದರಲ್ಲೊಂದು ನಾಳೆ ಅರವತ್ತು ಹೆಂಗಸರು ಕೂರುವ ನಡುಮನೆ, ತನ್ನ ಮೊಮ್ಮಗಳ ತೊಟ್ಟಿಲು ತೂಗುವ ಜಾಗ. ಅಷ್ಟು ಭಯ ಆಕೆಗೆ ಗಂಡ ಸತ್ತ ದಿನವೂ ಆಗಿರಲಿಲ್ಲ.

ಅಲ್ಲಿಂದ ಎದ್ದವಳು ನೇರ ಲೇಔಟಿನ ಸಾಲುಮನೆಗಳಿಗೆ ಹೋದಳು. ಹುಣಸೆಮರದ ಕಡೆಯಿಂದ ಶುರುಮಾಡಿ ಒಂದೊಂದೇ ಮನೆಗೆ ಹೊಕ್ಕು ಬಡಿದಳು. ಭೀಮುವಿನ ಅಡುಗೆಮನೆ, ಟಣ್. ಅದರ ಪಕ್ಕದಲ್ಲಿ ಶಾಂತಕುಮಾರ ಮಾಸ್ತರರ ಪಡಸಾಲೆ, ಟಣ್. ಅವರ ದನದ ಕೊಟ್ಟಿಗೆ, ಬದ್. ಟಣ್ ಅಂದಲ್ಲೆಲ್ಲ ಸುಣ್ಣದ ಚುಕ್ಕೆಯಿಟ್ಟಳು. ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆದರೆ ಹಳ್ಳವೇ. ಎಂಟು ವರ್ಷದ ಹಿಂದೆ ಕಣ್ಣಾರೆ ನೋಡಿದ ಹಳ್ಳವನ್ನು ಮಾಣಿಕಮ್ಮ ಈಗ ಕಿವಿಯಿಂದ ನೋಡಿದಳು. ಅದು ಬಂದು ಸೇರಿದ್ದು ಮಗನ ನಡುಮನೆಗೆ. ಹೆಂಗಸರಿಗೆ ಮಾತ್ರ ಆಕೆ ಏನು ಮಾಡುತ್ತಿದ್ದಾಳೆಂದು ತಿಳಿಯಲಿಲ್ಲ. ಮತ್ತೆ ಪಾಸು ಮಾಡುತ್ತಿದ್ದಾಳೆ ಎಂದುಕೊಂಡು ಚಹಾಕ್ಕೆ ನೀರಿಟ್ಟರು.

ಮಗನ ಮನೆಯಿಂದ ಹೊರಬಿದ್ದಾಗ ಎದುರುಮನೆಯ ರತ್ನಾಬಾಯಿ ಕೂಗಿದರು. ಮಡಿವಾಳಯ್ಯನವರ ತಾಯಿ, ಎಂಬತ್ತರ ಮುದುಕಿ. ಈ ಇಡೀ ಲೇಔಟು ಒಂದು ಕಾಲಕ್ಕೆ ಅವರ ಹೊಲ. ಹೊಲ ಮಾರಿ ಆ ಜಾಗದಲ್ಲೇ ದೊಡ್ಡ ಮನೆ, ಮುಂದೆ ಅರವತ್ತು ಪರಸಿಯ ಅಂಗಳ ಮಾಡಿಕೊಂಡಿದ್ದರು. ಮೊಣಕಾಲು ಹೋಗಿ ನಾಲ್ಕು ವರ್ಷವಾಗಿತ್ತು. ಮುಂಜಾನೆ ಮಗ ಎತ್ತಿ ತಂದು ಅಂಗಳದ ಕುರ್ಚಿಯಲ್ಲಿ ಕೂರಿಸಿದರೆ ಸಂಜೆಗೆ ಎತ್ತಿ ಒಳಗೆ ಒಯ್ಯುತ್ತಿದ್ದ.

“ಒಳಗ ಬಾ ಮಾಣಿಕಿ, ಕುಂದ್ರು ಬಾ. ನಮ್ಮ ತೊಟ್ಟಿಲಾ ತೊಳಿಸಿ ಇಟ್ಟೀನಿ, ಮಡಿವಾಳನ್ನ ತೂಗಿದ ತೊಟ್ಟಿಲಾ. ನಿನ್ನ ಮಮ್ಮಗಳಿಗಿ ಅದೇ ಆಗಬೇಕು.”

ಮಾಣಿಕಮ್ಮ ಮೆಟ್ಟಿಲ ಮೇಲೆ ಕೂತಳು. ಮಾಣಿಕಮ್ಮನ ತಾಯಿ ಇದೇ ಮನೆತನದ ಕಣದಲ್ಲಿ ದುಡಿದವಳು. ಅಂದಿನ ಕಾಲದಲ್ಲಿ ಹೊಸ್ತಿಲ ಹೊರಗೆ ನಿಂತೇ ಕಾಳು ಇಸಿದುಕೊಳ್ಳುತ್ತಿದ್ದರು. ಕಾಲ ಬದಲಾಯಿತು, ಪ್ರಬುದ್ಧ ಇವರ ಪಡಸಾಲೆಯಲ್ಲಿ ಕೂತು ಊಟ ಮಾಡುತ್ತಾನೆ, ರತ್ನಾಬಾಯಿಯೂ ಮನಸ್ಸಿನಿಂದಲೇ ಒಳಗೆ ಕರೆಯುತ್ತಾರೆ. ಆದರೂ ಮಾಣಿಕಮ್ಮನ ಕಾಲು ಆ ಮೆಟ್ಟಿಲಲ್ಲೇ ನಿಲ್ಲುತ್ತಿತ್ತು. ಕಾಲಿಗೆ ಯಾರು ಬುದ್ಧಿ ಹೇಳಬೇಕು?

“ಯವ್ವಾ, ಹಳ್ಳಾ ಎಲ್ಲಿ ಹಾದು ಹೋಗ್ತಿತ್ರಿ?”

“ನಾ ಮದಿವಿ ಆಗಿ ಬಂದಾಗಿಂದ ನೋಡೀನಲ್ಲ. ಹುಣಸಿಗಿಡದಿಂದ ಮೋರಿಗಿ ಗೆರಿ ಎಳದಂಗ ನೆಟ್ಟಗ. ನಿನ್ನ ಮಗನ ಮನಿ ಇದ್ದಲ್ಲಿಂದಲೇ ಹೋಗ್ತಿತ್ತು. ಅದಕ್ಕಿಂತ ಮದಲ ಡೊಂಕಿತ್ತಂತ. ನೇಗಿಲಾ ತಿರಗಸಾಕ ತ್ರಾಸ ಆಗ್ತದಂತ ನಮ್ಮ ಮಾವ ಹೊಸಾ ಕಾಲಿವಿ ತೋಡಿಸಿ ನೆಟ್ಟಗ ಮಾಡ್ಯಾರ. ಡೊಂಕ ಇದ್ದ ತಗ್ಗಿಗೂ ಪ್ಲಾಟಿನವ್ರು ಅದೇ ಬಿಳೇ ಕೆಸರು ತುಂಬ್ಯಾರ. ಅದರ ಮ್ಯಾಲೇ ಈಗ ನಾ ಕುಂತೀನಿ ನೋಡು.” ರತ್ನಾಬಾಯಿ ಬೊಚ್ಚುಬಾಯಿ ಬಿಟ್ಟು ನಕ್ಕರು.

ಮಾಣಿಕಮ್ಮನ ಕಿವಿಗೆ ‘ನೆಟ್ಟಗೆ’ ಎಂಬುದು ಬಿತ್ತು, ‘ನಿನ್ನ ಮಗನ ಮನೆ’ ಎಂಬುದು ಬಿತ್ತು, ಮುಂದಿನದು ಬೀಳಲಿಲ್ಲ. ಆದರೂ ಒಂದು ಅನುಮಾನಕ್ಕೆ ಸುತ್ತಿಗೆ ಎತ್ತಿದಳು. ಎತ್ತಿದ ಕೈ ಅಂಗಳದ ತನಕ ಹೋಗಲಿಲ್ಲ. ಈ ಮನೆಯ ಅಂಗಳದಲ್ಲಿ ಸುತ್ತಿಗೆ ಹಿಡಿದು ತಿರುಗುವುದೇ, ಅದೂ ಹಿರಿಯ ಜೀವ ಕೂತಿರುವಾಗ? ಕೂತ ಮೆಟ್ಟಿಲಿಗೇ ಒಂದೇಟು ಹಾಕಿದಳು. ‘ಬದ್’ ಅಂದಿತು. ಮೆಟ್ಟಿಲಿನ ಬುಡದಲ್ಲಿ ಹಳೆಯ ಬಂಡೆಯಿತ್ತು. ಮಾಣಿಕಮ್ಮ ನಿಟ್ಟುಸಿರು ಬಿಟ್ಟು ಎದ್ದಳು.

ಪ್ರಬುದ್ಧ ಡ್ಯೂಟಿ ಮುಗಿಸಿ ಬರುವ ತನಕ ಕಾದಳು. ಎಲ್ಲ ಕೇಳಿ ಅವನು ಕೈಯಲ್ಲಿದ್ದ ಟಿಫಿನ್ ಡಬ್ಬಿ ಕೆಳಗಿಟ್ಟ.

“ಅವ್ವಾ, ಪಳಗ್ಯಾದ ಅಂದಾಕಿ ನೀನೇ. ಊರಿಗೆಲ್ಲ ಸಾರಿದಾಕಿ ನೀನೇ. ಮೂವತ್ತೊಂದು ವರ್ಷ ನಿನ್ನ ಕಿವಿ ಸುಳ್ಳು ಹೇಳಿಲ್ಲ. ಈಗ ಸುಳ್ಳಂತಿ?”

“ಕಿವಿ ಖರೇನೇ ಹೇಳ್ತು. ನನ್ನ ಬಾಯಿ ತಪ್ಪು ಹೇಳ್ತು.”

“ನಿನಗ ನಾವು ಈ ಮನ್ಯಾಗ ಇರೂದು ಮದಲಿಂದ ಸೇರಲ್ಲ. ನಾಳಿ ಚಿತ್ತಾಪುರದಿಂದ ಪೂನಮ್‌ನ ತವರಿನವ್ರು ಬರಾಕತ್ಯಾರ, ಸೇಡಂದಿಂದ ಅಕ್ಕ ಬರಾಕತ್ಯಾಳ. ನೆಲಾ ಬೀಳ್ತದಂತ ಅವರನ್ನ ಹೊರಗ ನಿಂದ್ರಸ್ಲೇನು?”

ಸೊಸೆ ಪೂನಮ್ ಕೂಸಿಗೆ ಹಾಲು ಕುಡಿಸುತ್ತ ಗೋಡೆಯ ಕಡೆ ಮುಖ ತಿರುಗಿಸಿದಳು. ಅವಳು ಕೂತದ್ದು ನಡುಮನೆಯ ಸರಿಯಾಗಿ ನಡುವಿನ ಕಲ್ಲಿನ ಮೇಲೆ. ಮಾಣಿಕಮ್ಮ ಆ ಕಲ್ಲನ್ನೇ ನೋಡುತ್ತಿದ್ದಳು. ಬೇಡಿದಳು, ಕಾಲು ಹಿಡಿಯಲೂ ಹೋದಳು. ಮಗ ಹಿಂದೆ ಸರಿದ. ಅಮೀರ್ ಅಲಿಯನ್ನು ಕರೆತರುತ್ತೇನೆ ಅಂದಳು. ‘ಅವಗ ಬೈದಾಕಿ ನೀನೇ ಅಲ್ಲೇನವ್ವ’ ಅಂದ. ಅವನದೂ ತಪ್ಪಲ್ಲ. ತಾಯಿಯ ಮಾತನ್ನು ಒಂದು ಸಲ ನಂಬಿದವನು ಎರಡನೆಯ ಸಲ ಅದಕ್ಕೆ ತಿರುವುಮುರುವಾದದ್ದನ್ನು ಹೇಗೆ ನಂಬಿಯಾನು?

ಮಾರನೆಯ ದಿನ ಬಿಸಿಲೇರುವಷ್ಟರಲ್ಲಿ ಸಾಮಿಯಾನಾ ಎದ್ದಿತು. ನಡುಮನೆಯಲ್ಲಿ ಬುದ್ಧನ ಫೋಟೊಗೆ ಹಾರ ಹಾಕಿ, ಕೆಳಗೆ ಜಮಖಾನೆ ಹಾಸಲು ಹುಡುಗಿಯರು ಬಂದರು. ಅವರಿಗಿಂತ ಮುಂಚೆ ಮಾಣಿಕಮ್ಮ ಒಳಗೆ ಬಂದಿದ್ದಳು. ಕೈಯಲ್ಲಿ ಸಣ್ಣ ಸುತ್ತಿಗೆಯಲ್ಲ, ಖಣಿಯಲ್ಲಿ ಬಂಡೆ ಒಡೆಯುವ ಹದಿನಾಲ್ಕು ಸೇರಿನ ಘಣ. ಹುಡುಗಿಯರನ್ನು ಹೊರಗೆ ಕಳಿಸಿದಳು. ಗೋಡೆಗೆ ಒತ್ತಿ ನಿಂತು, ನಡುವಿನ ಕಲ್ಲಿಗೆ ಬೀಸಿ ಹೊಡೆದಳು. ಮೊದಲ ಏಟಿಗೆ ಕಲ್ಲು ಅಳುವಂಥ ದನಿ ಮಾಡಿತು. ಎರಡನೆಯ ಏಟಿಗೆ ಒಡೆಯಿತು.

ಚೂರುಗಳು ಒಳಗೆ ಬಿದ್ದವು. ಬಿದ್ದ ಸದ್ದು ಕೂಡಲೇ ಬರಲಿಲ್ಲ. ಒಂದು ಉಸಿರಿನಷ್ಟು ಹೊತ್ತಿನ ಮೇಲೆ ತಳದಿಂದ ‘ಬುಳುಕ್’ ಎಂದು ಕೇಳಿತು. ಅದರ ಹಿಂದೆಯೇ ತಣ್ಣನೆಯ ಗಾಳಿ, ಹಸಿ ಸುಣ್ಣದ ವಾಸನೆ ಮೇಲೆ ಬಂತು.

‘ಅವ್ವಾ’ ಎಂದು ಚೀರುತ್ತ ಬಂದ ಪ್ರಬುದ್ಧ ಬಾಗಿಲಲ್ಲೇ ನಿಂತ. ಕೊಡ ಇಳಿಯುವಷ್ಟು ಅಗಲದ ತೂತು, ಅದರಾಚೆ ಬರೀ ಕತ್ತಲು. ಎಷ್ಟು ದಿನದಿಂದಲೋ ಅವನು ಆ ಕತ್ತಲ ಮೇಲೆ ಹಾಸಿಗೆ ಹಾಕಿ ಮಲಗುತ್ತಿದ್ದ. ಹಿಂದಕ್ಕೆ ಹೋಗಿ, ಪೂನಮ್‌ಳ ಕೈಯಿಂದ ಕೂಸನ್ನು ತೆಗೆದುಕೊಂಡು ಬೀದಿಗೆ ನಡೆದ. ಅಲ್ಲಿ ನಿಂತು ಗಂಡಸು ಅಳಬಾರದೆಂದು ಮುಖ ಮೇಲೆತ್ತಿಕೊಂಡಿದ್ದ.

ನೆಂಟರು ಬಸ್ಸಿನಿಂದ ಇಳಿದು ಬರುತ್ತಿದ್ದರು. ಏನಾಯಿತು, ಏನಾಯಿತು ಎಂಬ ಗಲಾಟೆ. ಮುದುಕಿಗೆ ತಲೆ ಕೆಟ್ಟಿದೆ, ಶುಭದ ದಿನ ಮಗನ ಮನೆ ಒಡೆದಳು ಎಂದು ಹೊರಗಿನವರು. ಪುಣ್ಯಕ್ಕೆ ಒಡೆದಳು ಎಂದು ಒಳಗೆ ಇಣುಕಿದವರು. ಆ ಗಲಾಟೆಯ ನಡುವೆ ಎದುರಿನ ಕುರ್ಚಿಯಿಂದ ರತ್ನಾಬಾಯಿಯ ದನಿ ಕೇಳಿತು.

“ಬಂದ ಮಂದಿ ವಾಪಸ್ ಹೋಗಬಾರ್ದು. ತೊಟ್ಟಿಲಾ ಹ್ಯಾಂಗೂ ನಮ್ಮ ಮನ್ಯಾಗೇ ಅದ. ನಮ್ಮ ಅಂಗಳದಾಗ ಕಟ್ರಿ. ಮಡಿವಾಳಾ, ಜಮಖಾನಿ ಹಾಸಸು.”

ಎಲ್ಲರಿಗೂ ಜೀವ ಬಂದಂತಾಯಿತು. ಮಾಣಿಕಮ್ಮನಿಗೆ ಎರಡೂ ಕೈ ಎತ್ತಿ ಮುಗಿಯಬೇಕೆನಿಸಿತು. ತನ್ನ ತಾಯಿ ಒಳಗೆ ಕಾಲಿಡದ ಮನೆತನದ ಅಂಗಳದಲ್ಲಿ ತನ್ನ ಮೊಮ್ಮಗಳ ತೊಟ್ಟಿಲು. ಇದನ್ನು ನೋಡಲು ತಾಯಿ ಇರಬೇಕಿತ್ತು ಎಂದುಕೊಂಡು ಕಣ್ಣೊರೆಸಿಕೊಂಡಳು. ಮಂದಿಯೆಲ್ಲ ಆ ಕಡೆ ಹೋದರು. ತೂತಿನ ಹತ್ತಿರ ಮಕ್ಕಳುಮರಿ ಬರಬಾರದೆಂದು ಆಕೆ ಮಾತ್ರ ಒಳಗೇ ಉಳಿದಳು.

ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಆರತಿಯ ಹಿತ್ತಾಳೆ ತಟ್ಟೆಯನ್ನು ಬಿಸಿಲಿಗೆ ಹಿಡಿದು ಬೆಳಕನ್ನು ತೂತಿನೊಳಗೆ ಬಿಟ್ಟಳು. ಎರಡಾಳು ಆಳದಲ್ಲಿ ನೀರು. ಸದ್ದಿಲ್ಲದ ನೀರು, ಆದರೆ ನಿಂತ ನೀರಲ್ಲ. ತನ್ನ ಪಾತ್ರ ತನಗೆ ಸಿಕ್ಕಿತೆಂಬ ಸಮಾಧಾನದಲ್ಲಿ ಹಳ್ಳ ಹರಿಯುತ್ತಿತ್ತು. ಮಾಣಿಕಮ್ಮ ತಟ್ಟೆಯಲ್ಲಿದ್ದ ಒಂದು ಚೆಂಡುಹೂ ತೆಗೆದು ಒಳಗೆ ಹಾಕಿದಳು. ಅದು ಹಿತ್ತಲ ಕಡೆ, ರೈಲು ಮೋರಿಯ ಕಡೆ ಹೋಗಬೇಕಿತ್ತು. ಹೂ ಒಂದು ಸಲ ಸುತ್ತು ಹೊಡೆದು ಮುಂಬಾಗಿಲ ಕಡೆ ಹೋಯಿತು.

ಇನ್ನೊಂದು ಹಾಕಿದಳು. ಅದೂ ಮುಂಬಾಗಿಲ ಕಡೆಗೇ ತೇಲಿ ಕತ್ತಲಲ್ಲಿ ಸೇರಿತು. ಮುಂಬಾಗಿಲ ಆಚೆ ಬೀದಿ. ಬೀದಿಯ ಆಚೆ ರತ್ನಾಬಾಯಿಯ ಅಂಗಳ.

ಆಗ ನಿನ್ನೆಯ ಮಾತು ಆಕೆಗೆ ಪೂರ್ತಿ ಕೇಳಿಸಿತು. ಡೊಂಕಿತ್ತಂತ. ಆ ತಗ್ಗಿನ ಮ್ಯಾಲೇ ಈಗ ನಾ ಕುಂತೀನಿ. ನೇಗಿಲಿಗೆ ಅನುಕೂಲವೆಂದು ಯಾರೋ ನೆಟ್ಟಗೆ ಮಾಡಿದ್ದು ಹಳ್ಳಕ್ಕೆ ಬೇಕಿರಲಿಲ್ಲ. ಅದು ತನ್ನ ಹಳೆಯ ಡೊಂಕನ್ನೇ ಹುಡುಕಿಕೊಂಡು ಹೋಗಿತ್ತು.

ಮಾಣಿಕಮ್ಮ ಓಡಿದಳು. ಅಂಗಳದ ತುಂಬ ಹೆಂಗಸರು, ಹೊಸ ಸೀರೆ, ಮಲ್ಲಿಗೆ. ನಡುವೆ ಕಟ್ಟಿಗೆಯ ಚೌಕಟ್ಟಿಗೆ ತೂಗುಹಾಕಿದ ತೊಟ್ಟಿಲು, ಅದರ ಪಕ್ಕದ ಕುರ್ಚಿಯಲ್ಲಿ ತೊಟ್ಟಿಲ ಹಗ್ಗ ಹಿಡಿದ ರತ್ನಾಬಾಯಿ. ಕೂಸಿಗಿಂತ ಮೊದಲು ಗುಂಡುಕಲ್ಲಿಗೆ ಎಣ್ಣೆ ಹಚ್ಚಿ, ಕುಂಚಿಗೆ ತೊಡಿಸಿ ತೊಟ್ಟಿಲಲ್ಲಿ ತೂಗುವುದು ಪದ್ಧತಿ. ಮಾಣಿಕಮ್ಮ ಮೆಟ್ಟಿಲು ಹತ್ತುವಾಗ ಒಬ್ಬಳ ಕೈಯಿಂದ ಆ ಗುಂಡುಕಲ್ಲು ಜಾರಿ ಜಮಖಾನೆಯಾಚೆ ಬಿತ್ತು. ಅಂಗಳ ‘ಟಣ್’ ಅಂದಿತು. ಹೆಂಗಸರು ನಕ್ಕರು.

“ಏಳ್ರಿ, ಎಲ್ಲರೂ ಹೊರಗ ನಡೀರಿ. ಇಲ್ಲೂ ತಳಗ ಖಾಲಿ ಅದ.”

“ಬಂದ್ಲು ನೋಡವ್ವ. ಮಗನ ಮನಿ ಆತು, ಈಗ ಸಾಹುಕಾರರ ಮನಿ ಒಡಿಯಾಕ ಬಂದ್ಲು,” ಚಿತ್ತಾಪುರದ ಬೀಗತಿ ಅಂದಳು. ಮತ್ತೆ ನಗು. ಒಬ್ಬರೂ ಏಳಲಿಲ್ಲ. ಮಾಣಿಕಮ್ಮ ಕೂಗಿದಷ್ಟೂ ಅವರು ಅದನ್ನು ಹಟವೆಂದೇ ತಿಳಿದರು. ಬೀದಿಯಲ್ಲಿ ನಾಲ್ಕು ಮನೆಯಾಚೆ ಊಟದ ಎಲೆ ಎಣಿಸುತ್ತಿದ್ದ ಪ್ರಬುದ್ಧನಿಗೆ ಇದೊಂದೂ ಕೇಳುತ್ತಿರಲಿಲ್ಲ.

ಗುಂಡುಕಲ್ಲು ತೊಟ್ಟಿಲು ಸೇರಿತು. ಈಗ ಕೂಸನ್ನು ಕೈಯಿಂದ ಕೈಗೆ ದಾಟಿಸುವುದು. ಒಬ್ಬಳು ತೊಟ್ಟಿಲ ಕೆಳಗಿನಿಂದ ಕೊಟ್ಟರೆ ಇನ್ನೊಬ್ಬಳು ಮೇಲಿನಿಂದ, ‘ಕೂಸ ತಗೋ, ಕೂಸ ಕೊಡು’ ಎನ್ನುತ್ತ. ಅದಾದ ಮೇಲೆ ಸೇಡಂನ ಸೋದರತ್ತೆ, ಪ್ರಬುದ್ಧನ ಅಕ್ಕ ಲುಂಬಿನಿ, ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು, ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅಷ್ಟು ಗುದ್ದು, ಅಷ್ಟು ಕುಣಿತ ಈ ಕಲ್ಲಿನ ಮೇಲೆ.

ಕೂಸು ಮೂರು ಕೈ ದಾಟಿತು. ಲುಂಬಿನಿ ತಾಯಿಯ ಕಡೆ ಕೈ ಚಾಚಿದಳು. “ಕೂಸ ತಗೋ, ಅವ್ವಾ.”

ಮಾಣಿಕಮ್ಮ ತಗೊಂಡಳು. ತಗೊಂಡವಳು ಕೊಡಲಿಲ್ಲ. ಎದೆಗೆ ಒತ್ತಿಕೊಂಡು ತಿರುಗಿ ಮೆಟ್ಟಿಲ ಕಡೆ ನಡೆದಳು.

“ಅತ್ತಿ, ಎಲ್ಲಿಗಿ?” ಪೂನಮ್ ಎದ್ದಳು.

ಮಾಣಿಕಮ್ಮ ಓಡತೊಡಗಿದಳು. ಪೂನಮ್ ಕಿರುಚಿ ಹಿಂದೆ ಓಡಿದಳು, ಅವಳ ಹಿಂದೆ ಲುಂಬಿನಿ, ಲುಂಬಿನಿಯ ಹಿಂದೆ ಚಿತ್ತಾಪುರದವರು, ಆಮೇಲೆ ಅಂಗಳಕ್ಕೆ ಅಂಗಳವೇ. ಮುದುಕಿ ಕೂಸು ಕದ್ದಳು, ಹಿಡೀರಿ, ಹಿಡೀರಿ. ಅರವತ್ತು ಹೆಂಗಸರು ಸೀರೆಯ ನೆರಿಗೆ ಎತ್ತಿ ಮೆಟ್ಟಿಲಿಳಿದು ಬೀದಿಗೆ ಬಿದ್ದರು. ಹಿಂದೆ ರತ್ನಾಬಾಯಿ ನಗುತ್ತ ಹೇಳಿದ್ದು ಹಲವರಿಗೆ ಕೇಳಿಸಿತು. “ಬಿಡ್ರೇ, ಅಜ್ಜಿಗಿ ಮಮ್ಮಗಳ ಹುಚ್ಚು ಹಿಡದದ. ತರ್ತಾಳ ಬಿಡ್ರಿ, ನಾ ತೊಟ್ಟಿಲಾ ಹಿಡಕೊಂಡು ಕುಂತಿರ್ತೀನಿ.”

ನಾಲ್ಕನೆಯ ಮನೆಯ ಮುಂದೆ ಪ್ರಬುದ್ಧ ಅಡ್ಡ ಬಂದು ತಾಯಿಯ ತೋಳು ಹಿಡಿದ. “ಕೂಸು ಕೊಡವ್ವಾ.” ಆಕೆ ಕೊಟ್ಟಳು. ಆಗಲೇ ಹಿಂದೆ ಸದ್ದಾಯಿತು. ದೊಡ್ಡ ಸದ್ದೇನಲ್ಲ, ಜೋಳದ ಚೀಲ ಲಾರಿಯಿಂದ ಕೆಡವಿದಷ್ಟು. ತಿರುಗಿ ನೋಡಿದಾಗ ರತ್ನಾಬಾಯಿಯ ಮನೆಯಿತ್ತು, ಮೆಟ್ಟಿಲಿತ್ತು. ಎರಡರ ನಡುವೆ ಬಿಳಿ ಧೂಳು ಏಳುತ್ತಿತ್ತು. ಅಂಗಳವಿರಲಿಲ್ಲ.

ಸಂಜೆಯ ಹೊತ್ತಿಗೆ ಮೋರಿಯ ಬಾಯಲ್ಲಿ ತೊಟ್ಟಿಲು ಬಂದು ಸಿಕ್ಕಿಕೊಂಡಿತು. ರತ್ನಾಬಾಯಿ ಸಿಕ್ಕದ್ದು ಇನ್ನೂ ಕೆಳಗೆ. ಬೆರಳು ಆಗಲೂ ಬಿಗಿಯಾಗಿಯೇ ಇತ್ತು, ತೊಟ್ಟಿಲ ಹಗ್ಗದ ತುಂಡು ಮುಷ್ಟಿಯಲ್ಲಿತ್ತು.

ಊರೆಲ್ಲ ಮಾಣಿಕಮ್ಮನನ್ನು ಹೊಗಳಿತು. ಅರವತ್ತು ಜೀವ ಉಳಿಸಿದಳು ಅಂದರು. ಚಿತ್ತಾಪುರದ ಬೀಗತಿ ಕಾಲಿಗೆ ಬಿದ್ದಳು. ಆಕೆ ಮಾತ್ರ ಮೂಲೆಯಲ್ಲಿ ಮುಖ ಮುಚ್ಚಿ ಕೂತು ಅತ್ತಳು. ಓಡಬಲ್ಲವರನ್ನೆಲ್ಲ ಹೊರಗೆ ತಂದಿದ್ದಳು. ಓಡಲಾರದವಳೊಬ್ಬಳು ಅಲ್ಲಿದ್ದಾಳೆಂಬುದು ಆ ಹೊತ್ತಿನಲ್ಲಿ ತಲೆಗೇ ಬಂದಿರಲಿಲ್ಲ. ಕೂಸಿಗೆ ಹೆಸರಿಡುವ ಮಾತನ್ನು ಯಾರೂ ಎತ್ತಲಿಲ್ಲ.

ಮೂರನೆಯ ದಿನ ಮಡಿವಾಳಯ್ಯ ಆಕೆಯ ಮನೆಗೇ ಬಂದರು. ಅರವತ್ತು ದಾಟಿದ ಮನುಷ್ಯ, ಹಣೆಯ ವಿಭೂತಿ ಬೆವರಿಗೆ ಅಳಿಸಿತ್ತು. ಹಿಂದೆ ಅಮೀರ್ ಅಲಿ ನಿಂತಿದ್ದ. ಮಡಿವಾಳಯ್ಯನವರ ಕೈಯಲ್ಲಿ ಸೀಮೆಸುಣ್ಣದ ಡಬ್ಬಿಯಿತ್ತು.

“ನಡೀರಿ ಮಾಣಿಕಮ್ಮ. ಇನ್ನ ಮೂವತ್ನಾಕು ಮನಿ ಅವ. ಎಲ್ಲೆಲ್ಲಿ ಖಾಲಿ ಅದ ನೋಡಬೇಕು.”

“ನನ್ನ ಕಿವಿ ಮ್ಯಾಲ ನನಗೇ ನಂಬಿಕಿ ಇಲ್ರಿ ಅಪ್ಪಾ.”

ಮಡಿವಾಳಯ್ಯ ಡಬ್ಬಿಯನ್ನು ಕೆಳಗಿಟ್ಟರು. “ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಹಿಂದಿನ ದಿನ ನಮ್ಮ ಮನಿಗೂ ಬಂದಿದ್ರಂತ. ಅವ್ವನ ಸಂಗಟ ಮಾತಾಡಿದ್ರಂತ. ಅಂಗಳಕ್ಕ ಯಾಕ ಬಡೀಲಿಲ್ಲ?”

ಮಾಣಿಕಮ್ಮ ತಲೆ ಎತ್ತಲಿಲ್ಲ. “ನಿಮ್ಮ ಅಂಗಳದಾಗ ಹತೋಡಿ ಹಿಡಕೊಂಡು ನಾ ಹ್ಯಾಂಗ ಬರ್ಲಿ ಅನ್ನಿಸ್ತು. ಮೆಟ್ಟಲಿಗೇ ಬಡದು ಎದ್ದು ಬಂದೆ.”

ಮಡಿವಾಳಯ್ಯ ಗೋಡೆಗೆ ಕೈ ಕೊಟ್ಟರು. ತಾಯಿ ಸತ್ತದ್ದು ಯಾವುದರಿಂದ ಎಂದು ಆಗ ಅವರಿಗೆ ತಿಳಿದಿರಬೇಕು. ಬಗ್ಗಿ, ಮೂಲೆಯಲ್ಲಿ ಬಿದ್ದಿದ್ದ ಬೋರೆಕಟ್ಟಿಗೆಯ ಸುತ್ತಿಗೆಯನ್ನು ಎತ್ತಿ ಆಕೆಯ ಕೈಗೆ ಕೊಟ್ಟರು.

ಹುಣಸೆಮರದ ಕಡೆಯಿಂದಲೇ ಶುರುಮಾಡಿದರು. ಒಂದು ಕಾಲಕ್ಕೆ ಟಣ್ ಅನ್ನಲಿ ಎಂದು ಬಯಸಿದ ಹೆಂಗಸರು ಈಗ ಬದ್ ಅನ್ನಲಿ ಎಂದು ಸೆರಗು ಹಿಡಿದು ನಿಂತಿದ್ದರು. ಬದ್ ಅಂದಲ್ಲಿ ಅತ್ತರು, ಟಣ್ ಅಂದಲ್ಲಿ ಪಾತ್ರೆಪಗಡಿ ಹೊರಗಿಡತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಬಾಗಿಲಿಗೆ ಸುಣ್ಣದ ಕತ್ತರಿಗುರುತು ಬಿತ್ತು. ಕೊನೆಗೆ ಮಡಿವಾಳಯ್ಯನವರ ಅಣ್ಣತಮ್ಮಂದಿರ ದೊಡ್ಡ ಮನೆ. ಯಜಮಾನರು ಅಂಗಳ ತೋರಿಸಿ, ‘ಇಲ್ಲಿಂದ ನೋಡ್ರಿ ಸಾಕು’ ಅಂದರು.

ಮಾಣಿಕಮ್ಮ ಚಪ್ಪಲಿ ಬಿಟ್ಟಳು. ಅಂಗಳ ದಾಟಿದಳು, ಪಡಸಾಲೆ ದಾಟಿದಳು, ಯಾರನ್ನೂ ಕೇಳದೆ ಹೊಸ್ತಿಲು ದಾಟಿ ನೇರ ದೇವರಕೋಣೆಗೆ ಹೋದಳು. ಲಿಂಗದ ಮುಂದಿನ ಕಲ್ಲಿನ ಮೇಲೆ ಮೊಣಕಾಲೂರಿ ಕೂತು, ಸುತ್ತಿಗೆ ಎತ್ತಿ ಬಡಿದಳು. ಟಣ್ ಅಂದಿತು.